ಯೂರಿಯಾಕ್ಕೆ ಬೀಗ ಹಾಕುವ ಬಾಟಲಿ: ಕೊಳ್ಳಬೇಕೋ, ಬೇಡವೋ?

ಪ್ರಶ್ನೆ: ದಾವಣಗೆರೆ ತಾಲೂಕು ಆನಗೋಡು ಹೋಬಳಿಯಲ್ಲಿ ನಮ್ಮದು ನಾಲ್ಕು ಎಕರೆ ಕೆಂಪು ಮಣ್ಣಿನ ಹೊಲ. ಪೂರಾ ಮಳೆ ನಂಬಿದ ಮೆಕ್ಕೆಜೋಳ. ಬಿತ್ತುವಾಗ ಎಕರೆಗೆ ಒಂದು ಚೀಲ ಡಿಎಪಿ, ಆಮೇಲೆ ಎರಡು ಚೀಲ ಯೂರಿಯಾವನ್ನು ಒಂದೇ ಸಲ ಕೈಯಲ್ಲಿ ಎರಚುತ್ತೇವೆ. ಹೋದ ವರ್ಷ ರೋಹಿಣಿ ಮಳೆ ಕೊನೆಗೆ ಬಿತ್ತಿ, ಆರಿದ್ರದಲ್ಲಿ ಯೂರಿಯಾ ಎರಚಿದೆವು. ಮಾರನೇ ದಿನವೇ ಹಿಡಿದ ಮಳೆ ಮೂರು ದಿನ ಬಿಡಲಿಲ್ಲ. ಬೆಳೆ ಹಳದಿಯಾಯಿತು, ಎಕರೆಗೆ 20 ಕ್ವಿಂಟಲ್ ಬರುವಲ್ಲಿ 14 ಬಂತು. ಈಗ ಗೊಬ್ಬರದ ಅಂಗಡಿಯವರು ಒಂದು ಬಾಟಲಿ ತೋರಿಸಿ, 'ಇದನ್ನು ಯೂರಿಯಾಕ್ಕೆ ಸವರಿ ಹಾಕಿ, ನೈಟ್ರೋಜನ್ ಎಲ್ಲೂ ಹೋಗಲ್ಲ, ಅರ್ಧ ಯೂರಿಯಾ ಸಾಕು' ಅನ್ನುತ್ತಿದ್ದಾರೆ. ಎಕರೆಗೆ 600 ರೂಪಾಯಿ. ಯೂರಿಯಾಕ್ಕೆ ಮೊದಲೇ ಬೇವು ಸವರಿರುತ್ತದಲ್ಲ, ಮತ್ತೆ ಇದು ಯಾಕೆ? ಮಾವನವರ ಗದ್ದೆ ಮಲೇಬೆನ್ನೂರು ಕಡೆ ನಾಲೆಯ ಕೊನೆಯಲ್ಲಿದೆ, ಅಲ್ಲಿಗಾದರೂ ಉಪಯೋಗವಾದೀತೇ?

ಉತ್ತರ: ಮೊದಲು ಹೋದ ವರ್ಷದ ನಷ್ಟದ ಮಾತು. ಆ ಬಾಟಲಿ ನಿಮ್ಮ ಕೈಯಲ್ಲಿ ಅಂದೇ ಇದ್ದಿದ್ದರೂ ಆ ಆರು ಕ್ವಿಂಟಲ್ ಉಳಿಯುತ್ತಿರಲಿಲ್ಲ. ಅಂಗಡಿಯವರು ಸುಳ್ಳು ಹೇಳಿದ್ದಾರೆ ಅಂತಲ್ಲ. ಆ ಮದ್ದು ಕಾಯುವ ಬಾಗಿಲು ಬೇರೆ, ನಿಮ್ಮ ಗೊಬ್ಬರ ಓಡಿಹೋದ ಬಾಗಿಲು ಬೇರೆ.

ಯೂರಿಯಾ ಕಾಳು ಹಸಿ ಮಣ್ಣಿಗೆ ಬಿದ್ದೊಡನೆ ಕರಗುತ್ತದೆ. ಕರಗಿದ ಯೂರಿಯಾವನ್ನು ಮಣ್ಣು ಹಿಡಿದಿಡುವುದಿಲ್ಲ, ನೀರು ಹೋದ ಕಡೆ ಅದೂ ಹೋಗುತ್ತದೆ. ಮಣ್ಣಿನಲ್ಲಿ ಯೂರಿಯೇಸ್ ಎಂಬ ಕಿಣ್ವ ಇದೆ. ನಮ್ಮ ಮುಂಗಾರಿನ ಬಿಸಿಗೆ ಅದು ಎರಡರಿಂದ ಐದು ದಿನದಲ್ಲಿ ಬಹುಪಾಲು ಯೂರಿಯಾವನ್ನು ಅಮೋನಿಯಂ ಮಾಡುತ್ತದೆ. ಈ ಅಮೋನಿಯಂ ಮಾತ್ರ ಜೇಡಿಯ ಕಣಕ್ಕೆ ಅಂಟಿ ನಿಲ್ಲುವ ಜಾತಿಯದು. ಆದರೆ ಅಲ್ಲಿಯೂ ಅದಕ್ಕೆ ನೆಮ್ಮದಿ ಇಲ್ಲ. ನೈಟ್ರೊಸೊಮೊನಾಸ್ ಮುಂತಾದ ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಗುಂಪು ನೈಟ್ರೇಟ್ ಮಾಡುತ್ತದೆ. ಎರಡು ಮೂರು ವಾರದಲ್ಲಿ ಹೆಚ್ಚಿನ ಪಾಲು ನೈಟ್ರೇಟ್ ಆಗಿಬಿಡುತ್ತದೆ. ಬೆಳೆಗೆ ನೈಟ್ರೇಟ್ ಇಷ್ಟವೇ. ತೊಂದರೆ ಏನೆಂದರೆ ಜೇಡಿಯ ಕಣಕ್ಕೂ ನೈಟ್ರೇಟಿಗೂ ಇರುವುದು ಒಂದೇ ಋಣ ವಿದ್ಯುದಂಶ, ಹಾಗಾಗಿ ಒಂದನ್ನೊಂದು ಹತ್ತಿರ ಸೇರಿಸುವುದಿಲ್ಲ. ಜೋರು ಮಳೆ ಬಂದರೆ ನೈಟ್ರೇಟ್ ಬೇರಿನ ಕೆಳಗಿಳಿಯುತ್ತದೆ. ನೀರು ನಿಂತು ಗಾಳಿಯಾಡದಿದ್ದರೆ ಬೇರೆ ಸೂಕ್ಷ್ಮಜೀವಿಗಳು ಅದನ್ನು ಅನಿಲ ಮಾಡಿ ಹಾರಿಸುತ್ತವೆ.

ಅಮೋನಿಯಂ ಹೀಗೆ ನೈಟ್ರೇಟ್ ಆಗುವುದಕ್ಕೆ ನೈಟ್ರೀಕರಣ ಎಂದು ಹೆಸರು. ಬಾಟಲಿ ಮೇಲೆ ನೈಟ್ರಿಫಿಕೇಶನ್ ಇನ್‌ಹಿಬಿಟರ್, ಅಂದರೆ ನೈಟ್ರೀಕರಣದ ತಡೆಮದ್ದು, ಎಂದು ಬರೆದಿದ್ದರೆ ಅದು ಮಾಡುವ ಕೆಲಸ ಒಂದೇ: ಅಮೋನಿಯಂ ನೈಟ್ರೈಟ್ ಆಗುವ ಮೊದಲ ಹೆಜ್ಜೆಯಲ್ಲಿ ಆ ಸೂಕ್ಷ್ಮಜೀವಿಗಳ ಕೈ ಕಟ್ಟುವುದು. ಅವು ಸಾಯಬೇಕಿಲ್ಲ, ಕೆಲವು ವಾರ ಮಂಕಾದರೆ ಸಾಕು. ಅಷ್ಟು ಕಾಲ ಸಾರಜನಕ ಅಮೋನಿಯಂ ರೂಪದಲ್ಲೇ ಮಣ್ಣಿಗೆ ಅಂಟಿಕೊಂಡಿರುತ್ತದೆ.

ಈಗ ನಿಮ್ಮ ಹೊಲಕ್ಕೆ ಬನ್ನಿ. ಎರಚಿದ ಮಾರನೇ ದಿನ ಮಳೆ ಹಿಡಿಯಿತು. ಆಗ ನಿಮ್ಮ ಹೊಲದಲ್ಲಿದ್ದದ್ದು ನೈಟ್ರೇಟ್ ಅಲ್ಲ, ಅಮೋನಿಯಂ ಕೂಡ ಬಹಳ ಇರಲಿಲ್ಲ. ಇದ್ದದ್ದು ಬರೀ ಯೂರಿಯಾ, ಅದೂ ಮಣ್ಣಿನ ಮೇಲೆ. ಇಳಿಜಾರಿದ್ದ ಕಡೆ ಬದು ದಾಟಿ ಹೋಯಿತು, ಉಳಿದದ್ದು ಗರಸು ಮಣ್ಣಿನಲ್ಲಿ ಕೆಳಗಿಳಿಯಿತು. ಯೂರಿಯಾ ಯೂರಿಯಾ ಆಗಿಯೇ ಹೊರಟು ಹೋಗುವುದನ್ನು ಈ ಮದ್ದು ತಡೆಯುವುದಿಲ್ಲ. ಅದಕ್ಕೆ ಇರುವ ಉಪಾಯ ಎರಡೇ: ಮಳೆ ಬಂದು ಹೋದ ಮೇಲಿನ ಹದದಲ್ಲಿ ಹಾಕುವುದು, ಹಾಕಿದ್ದನ್ನು ಮಣ್ಣಿನೊಳಗೆ ಸೇರಿಸುವುದು. 'ಮೋಡ ಕಟ್ಟಿದೆ, ಬೇಗ ಎರಚಿಬಿಡೋಣ' ಎಂದು ಚೀಲ ಹೊತ್ತು ಓಡುವ ಅಭ್ಯಾಸ ನಮ್ಮ ಕಡೆ ಎಲ್ಲರಿಗೂ ಇದೆ. ಸಣ್ಣ ಮಳೆ ಬಂದರೆ ಅದು ಸರಿಯೇ. ಆರಿದ್ರ ಸಣ್ಣದಾಗಿ ಬರುತ್ತದೋ ದೊಡ್ಡದಾಗಿ ಬರುತ್ತದೋ ಯಾರಿಗೆ ಗೊತ್ತು?

ಇನ್ನೊಂದು ಅನುಮಾನವೂ ನನಗಿದೆ. ಹಳದಿ ಎಲ್ಲಿ ಬಂದಿತ್ತು? ಕೆಳಗಿನ ಹಳೇ ಎಲೆಗಳು ತುದಿಯಿಂದ ನಡುನರದ ಗುಂಟ ಬಾಣದ ಮೊನೆಯಂತೆ ಹಳದಿಯಾಗಿದ್ದರೆ ಅದು ಸಾರಜನಕದ ಕೊರತೆ. ಮೇಲಿನ ಎಳೆ ಎಲೆಗಳಲ್ಲಿ, ಬುಡದ ಕಡೆ, ನರಗಳ ನಡುವೆ ಬಿಳಿಚಿದ ಪಟ್ಟೆ ಕಂಡಿದ್ದರೆ ಸತುವಿನ ಕೊರತೆ. ಮೆಕ್ಕೆಜೋಳದ ಮೇಲೆ ಮೆಕ್ಕೆಜೋಳ ಬೆಳೆದ ಹೊಲಗಳಲ್ಲಿ ಇದನ್ನು ನಾನು ಸಾಕಷ್ಟು ನೋಡಿದ್ದೇನೆ. ಅಂಥ ಹೊಲಕ್ಕೆ ಸಾರಜನಕದ ಮದ್ದು ಎಷ್ಟು ಸವರಿದರೂ ಅಷ್ಟೇ, ಜಿಂಕ್ ಸಲ್ಫೇಟ್ ಬೇಕು. ಮಣ್ಣು ಪರೀಕ್ಷೆ ಮಾಡಿಸಿ ಎಂದು ಹೇಳಿ ಹೇಳಿ ನನಗೂ ಬೇಸರ ಬಂದಿದೆ, ಕೇಳಿ ಕೇಳಿ ನಿಮಗೂ ಬಂದಿರಬಹುದು. ಆದರೂ 600 ರೂಪಾಯಿ ಖರ್ಚು ಮಾಡುವ ಮೊದಲು ಆ ಕೆಲಸ ಆಗಿರಲಿ.

ಇನ್ನು ಬೇವಿನ ವಿಷಯ. ನಿಮ್ಮ ಪ್ರಶ್ನೆಯ ಈ ಭಾಗ ನನಗೆ ತುಂಬಾ ಹಿಡಿಸಿತು. 2015ರಲ್ಲಿ ಕೇಂದ್ರ ಸರ್ಕಾರ ದೇಶದಲ್ಲಿ ತಯಾರಾಗುವ ಯೂರಿಯಾ ಪೂರ್ತಿ ಬೇವು ಸವರಿದ್ದೇ ಆಗಬೇಕು ಎಂದು ಮಾಡಿತು. ಸಬ್ಸಿಡಿ ಯೂರಿಯಾ ಕಾರ್ಖಾನೆಗಳಿಗೂ ಕಲಬೆರಕೆ ಹಾಲಿಗೂ ಹೋಗುವುದನ್ನು ನಿಲ್ಲಿಸುವುದು ಅದರ ಒಂದು ಉದ್ದೇಶ. ಬೇವಿನಲ್ಲಿರುವ ಕಹಿ ಅಂಶಗಳು ನೈಟ್ರೀಕರಣವನ್ನು ನಿಧಾನ ಮಾಡುತ್ತವೆ ಎಂಬುದು ಇನ್ನೊಂದು. ಇದು ನಿಜ, ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ 1970ರ ದಶಕದಲ್ಲೇ ಇದರ ಮೇಲೆ ಕೆಲಸ ನಡೆದಿತ್ತು. ಆದರೆ ಆ ಕಾಲದ ಪ್ರಯೋಗಗಳಲ್ಲಿ ಬಳಸುತ್ತಿದ್ದದ್ದು ಯೂರಿಯಾದ ತೂಕದ ಐದನೇ ಒಂದರಷ್ಟು ಬೇವಿನ ಹಿಂಡಿ. ಇವತ್ತಿನ ಚೀಲದಲ್ಲಿ ಎಷ್ಟಿದೆ? ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ಬೇವಿನೆಣ್ಣೆ ಕನಿಷ್ಠ ನೂರಕ್ಕೆ 0.035 ಇರಬೇಕು. ಅಂದರೆ 45 ಕೆಜಿ ಚೀಲಕ್ಕೆ ಸುಮಾರು 16 ಗ್ರಾಂ. ಒಗ್ಗರಣೆಗೆ ಹಾಕುವ ಎರಡು ದೊಡ್ಡ ಚಮಚದಷ್ಟೂ ಆಗಲಾರದು. ಕಾಳಿನ ಮೇಲೆ ತೆಳ್ಳಗೆ ಇರುವುದರಿಂದ ಅದು ಒಂದಿಷ್ಟು ಕೆಲಸ ಮಾಡುತ್ತದೆ, ಕಾಳು ಕರಗುವುದೂ ತುಸು ನಿಧಾನವಾಗುತ್ತದೆ. ಅದಕ್ಕಿಂತ ಹೆಚ್ಚು ನಿರೀಕ್ಷೆ ಬೇಡ.

ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ ರೈತರನ್ನು ಕೇಳಿ ಮಾಡಿದ ಅಧ್ಯಯನದಲ್ಲಿ, ಸಾದಾ ಯೂರಿಯಾಕ್ಕೆ ಹೋಲಿಸಿದರೆ ಬೇವು ಸವರಿದ್ದರಿಂದ ಭತ್ತದಲ್ಲಿ ನೂರಕ್ಕೆ 5.79, ಮೆಕ್ಕೆಜೋಳದಲ್ಲಿ 7.14 ಇಳುವರಿ ಹೆಚ್ಚಿತು ಎಂದು ಬಂದಿತ್ತು. ಇದು ಕೇಳಿ ಬರೆದುಕೊಂಡ ಲೆಕ್ಕ, ಪಕ್ಕಪಕ್ಕದ ಮಡಿಯಲ್ಲಿ ತೂಗಿ ನೋಡಿದ್ದಲ್ಲ. ಹಾಗಾಗಿ ದಶಮಾಂಶದ ಆಚೆಗಿನ ಅಂಕಿಗಳನ್ನು ನಾನು ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ, ದಿಕ್ಕು ಮಾತ್ರ ಸರಿ ಅನ್ನಿಸುತ್ತದೆ.

ಬಾಟಲಿಯಲ್ಲಿ ಏನಿದೆ ಎಂದು ನೀವು ಬರೆದಿಲ್ಲ. ಅಂಗಡಿಗೆ ಹೋದಾಗ ತಿರುಗಿಸಿ ಓದಿ. ಡಿಸಿಡಿ, ಡಿಎಂಪಿಪಿ, ನೈಟ್ರಾಪೈರಿನ್, ಈ ಮೂರರಲ್ಲಿ ಒಂದು ಹೆಸರಿದ್ದರೆ ಅದು ನೈಟ್ರೀಕರಣ ತಡೆಯುವ ಮದ್ದು. ಎನ್‌ಬಿಪಿಟಿ ಎಂದಿದ್ದರೆ ಅದು ಬೇರೆ ಕೆಲಸದ್ದು. ಅದು ಯೂರಿಯೇಸ್ ಕಿಣ್ವವನ್ನೇ ತಡೆದು, ಯೂರಿಯಾ ಅಮೋನಿಯಾ ಆಗಿ ಗಾಳಿಗೆ ಹಾರುವುದನ್ನು ಕಡಿಮೆ ಮಾಡುತ್ತದೆ. ಯಾವ ಹೆಸರೂ ಇಲ್ಲದೆ 'ಸಾರಜನಕ ಶಕ್ತಿವರ್ಧಕ' ಅಂತ ಮಾತ್ರ ಇದ್ದರೆ ಕಪಾಟಿನಲ್ಲೇ ಬಿಟ್ಟು ಬನ್ನಿ. ಹೆಸರಿದ್ದರೂ ಬಿಲ್ ಕೇಳಿ.

ಡಿಸಿಡಿ ನೀರಿನಲ್ಲಿ ಚೆನ್ನಾಗಿ ಕರಗುತ್ತದೆ, ಅದೇ ಅದರ ದೌರ್ಬಲ್ಯ. ಜೋರು ಮಳೆಯಲ್ಲಿ ಕಾವಲುಗಾರನೇ ಮುಂದೆ ಹೋಗಿಬಿಡುತ್ತಾನೆ, ಅಮೋನಿಯಂ ಹಿಂದೆ ಉಳಿಯುತ್ತದೆ. ಜೊತೆಗೆ ಈ ಮದ್ದುಗಳು ತಣ್ಣನೆಯ ಮಣ್ಣಿನಲ್ಲಿ ಬಹಳ ದಿನ ಬಾಳುತ್ತವೆ, ಬಿಸಿ ಮಣ್ಣಿನಲ್ಲಿ ಬೇಗ ಕೊಳೆಯುತ್ತವೆ. ಯೂರೋಪಿನಲ್ಲೋ ಅಮೆರಿಕದಲ್ಲೋ ಬಹಳ ವಾರ ಕೆಲಸ ಮಾಡಿದ್ದು ನಮ್ಮ ಜೂನ್ ತಿಂಗಳ ಹೊಲದಲ್ಲಿ ಅಷ್ಟು ದಿನ ಉಳಿಯುವುದಿಲ್ಲ. ನ್ಯೂಜಿಲೆಂಡಿನಲ್ಲಿ ಹುಲ್ಲುಗಾವಲಿಗೆ ಹಾಕಿದ ಡಿಸಿಡಿಯ ಅಂಶ ಹಾಲಿನಲ್ಲಿ ಕಂಡು 2013ರಲ್ಲಿ ಅದರ ಮಾರಾಟ ನಿಂತದ್ದೂ ಉಂಟು. ಮೇವಿನ ಬೆಳೆಗೆ ಹಾಕುವವರು ಇದನ್ನು ನೆನಪಿನಲ್ಲಿಟ್ಟರೆ ಒಳ್ಳೆಯದು.

ಇಳುವರಿ ಎಷ್ಟು ಹೆಚ್ಚುತ್ತದೆ? ನೈಟ್ರೀಕರಣ ತಡೆ ಮತ್ತು ಯೂರಿಯೇಸ್ ತಡೆ, ಎರಡೂ ಬಗೆಯ ಮದ್ದುಗಳ ಮೇಲೆ ಜಗತ್ತಿನಲ್ಲಿ ನಡೆದ ಅನೇಕ ಪ್ರಯೋಗಗಳನ್ನು ಒಟ್ಟು ಹಾಕಿ 2014ರಲ್ಲಿ ಮಾಡಿದ ವಿಶ್ಲೇಷಣೆಯಲ್ಲಿ ಸರಾಸರಿ ಹೆಚ್ಚಳ ನೂರಕ್ಕೆ 7.5 ಇತ್ತು. ಲಾಭ ಜಾಸ್ತಿ ಕಂಡದ್ದು ಮರಳು ಮಿಶ್ರಿತ ಹಗುರ ಮಣ್ಣಿನಲ್ಲಿ, ನೀರಾವರಿಯಲ್ಲಿ, ಸಾರಜನಕ ಹೆಚ್ಚು ಹಾಕುವ ಬೆಳೆಗಳಲ್ಲಿ. ನಿಮ್ಮದು ಹಗುರ ಮಣ್ಣು ಹೌದು, ಉಳಿದೆರಡು ಅಲ್ಲ. ನಮ್ಮ ಜಿಲ್ಲೆಗೆ ವರ್ಷವಿಡೀ ಬೀಳುವ ಮಳೆ 650 ಮಿಲಿಮೀಟರ್ ಆಸುಪಾಸು, ಜಗಳೂರು, ಪಕ್ಕದ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಕಡೆ ಇನ್ನೂ ಕಡಿಮೆ. ಮಲೆನಾಡಿನಂತೆ ವಾರಗಟ್ಟಲೆ ಮಣ್ಣು ತೊಳೆದುಹೋಗುವ ಊರಲ್ಲ ನಮ್ಮದು. ಮಳೆ ಕೈಕೊಟ್ಟ ವರ್ಷ ನೈಟ್ರೇಟ್ ಇಳಿದು ಹೋಗುವ ಪ್ರಶ್ನೆಯೇ ಇಲ್ಲ, ಆಗ ಬಾಟಲಿಯ 600 ರೂಪಾಯಿ ನೀರಿಲ್ಲದ ಹೊಲಕ್ಕೆ ಹಾಕಿದ ಕಾಣಿಕೆ.

ದುಡ್ಡಿನ ಲೆಕ್ಕ ನೋಡಿ, ಇದರಲ್ಲಿ ಒಂದು ತಮಾಷೆ ಇದೆ. 45 ಕೆಜಿ ಯೂರಿಯಾ ಚೀಲ ಸುಮಾರು 266 ರೂಪಾಯಿ. 'ಅರ್ಧ ಯೂರಿಯಾ ಉಳಿಯುತ್ತದೆ' ಅಂದರೆ ಉಳಿಯುವುದು 266, ಕೊಡುವುದು 600. ಯೂರಿಯಾ ಉಳಿಸುವುದಕ್ಕಾಗಿ ಈ ಮದ್ದು ಕೊಳ್ಳುವುದರಲ್ಲಿ ಅರ್ಥವೇ ಇಲ್ಲ, ಇಳುವರಿಯಿಂದಲೇ ದುಡ್ಡು ಹುಟ್ಟಬೇಕು. ಮೆಕ್ಕೆಜೋಳ ಕ್ವಿಂಟಲಿಗೆ 2,000 ರೂಪಾಯಿ ಹಿಡಿದರೆ 30 ಕೆಜಿ ಹೆಚ್ಚು ಬಂದರೂ ಅಸಲು ಬಂತು. 20 ಕ್ವಿಂಟಲಿನ ಮೇಲೆ ನೂರಕ್ಕೆ 7 ಹೆಚ್ಚಿದರೆ 140 ಕೆಜಿ, 2,800 ರೂಪಾಯಿ. ಹಾಗಾಗಿ 'ದುಬಾರಿ, ಬೇಡ' ಎಂದು ಒಂದೇ ಮಾತಿಗೆ ತಳ್ಳಿಹಾಕಲೂ ನಾನು ಸಿದ್ಧನಿಲ್ಲ. ಮಳೆ ಚೆನ್ನಾಗಿ ಬಿದ್ದ ವರ್ಷ ಲಾಭ, ಬೀಳದ ವರ್ಷ ನಷ್ಟ. ಒಂಥರಾ ವಿಮೆಯ ಕಂತು.

ಅರ್ಧ ಯೂರಿಯಾ ಸಾಕು ಎಂಬ ಮಾತನ್ನು ಮಾತ್ರ ನಂಬಬೇಡಿ. ಮಳೆಯಾಶ್ರಿತ ಮೆಕ್ಕೆಜೋಳಕ್ಕೆ ಶಿಫಾರಸು ಹೆಕ್ಟೇರಿಗೆ 100 ಕೆಜಿ ಸಾರಜನಕ, ಅಂದರೆ ಎಕರೆಗೆ 40. ಒಂದು ಚೀಲ ಡಿಎಪಿಯಲ್ಲಿ 9 ಕೆಜಿ ಬರುತ್ತದೆ, ಉಳಿದ 31 ಕೆಜಿಗೆ ಯೂರಿಯಾ ಒಂದೂವರೆ ಚೀಲ. ನೀವು ಹಾಕುತ್ತಿರುವುದು ಎರಡು. ಅರ್ಧ ಚೀಲ ನೀವು ಇವತ್ತೇ ಕಡಿಮೆ ಮಾಡಬಹುದು, ಬಾಟಲಿ ಇಲ್ಲದೆಯೇ. ಆದರೆ ಒಂದೂವರೆಯನ್ನು ಒಂದು ಮಾಡಿದರೆ ಬೆಳೆ ಹಸಿಯುತ್ತದೆ.

ಈ ಒಂದೂವರೆಯನ್ನು ಒಂದೇ ಸಲ ಹಾಕಬೇಡಿ. ಮೆಕ್ಕೆಜೋಳ ಮೊದಲ ಮೂರು ನಾಲ್ಕು ವಾರ ಸಾರಜನಕವನ್ನು ಬಹಳ ಕೇಳುವುದಿಲ್ಲ. ಮೊಣಕಾಲೆತ್ತರ ಬಂದ ಮೇಲೆ ಸೂಲಂಗಿ ಬರುವ ತನಕ ಅದರ ಹಸಿವು ಬಕಾಸುರನದು. 25ನೇ ದಿನದ ಆಸುಪಾಸು ಮುಕ್ಕಾಲು ಚೀಲ, 40-45ನೇ ದಿನಕ್ಕೆ ಮುಕ್ಕಾಲು ಚೀಲ. ಮಳೆ ನಿಂತು ಕಾಲು ಹೂಳದಷ್ಟು ಹದ ಬಂದಾಗ ಸಾಲಿನ ಪಕ್ಕ ನಾಲ್ಕು ಬೆರಳು ಬಿಟ್ಟು ಉದುರಿಸಿ, ಹಿಂದೆಯೇ ಎಡೆಕುಂಟೆ ಹೊಡೆದು ಮುಚ್ಚಿ. ಎರಡನೇ ಸಲಕ್ಕೆ ಬೆಳೆ ಎತ್ತರವಾಗಿ ಕುಂಟೆ ಹೋಗದಿದ್ದರೆ ಸಾಲಿಗೆ ಉದುರಿಸಿ ಸಲಿಕೆಯಿಂದ ಮಣ್ಣೆಳೆಯಿರಿ. ಆಳಿನ ಕೂಲಿ ಬೀಳುತ್ತದೆ, ಒಪ್ಪಿದೆ. ಆದರೂ ನಿಮ್ಮ ಹೊಲಕ್ಕೆ ಬಾಟಲಿಗಿಂತ ಇದೇ ಹೆಚ್ಚು ಕೊಡುತ್ತದೆ ಎಂಬುದು ನನ್ನ ಅಭಿಪ್ರಾಯ. ಯಾಕೆಂದರೆ ಹೀಗೆ ಮಾಡಿದರೆ ಕೊಚ್ಚಿ ಹೋಗುವುದು, ಹಾರಿ ಹೋಗುವುದು, ಇಳಿದು ಹೋಗುವುದು ಮೂರೂ ಕಡಿಮೆಯಾಗುತ್ತವೆ. ಬಾಟಲಿಯದು ಮೂರನೆಯದಕ್ಕೆ ಮಾತ್ರ ಬೀಗ.

ಮೂರನೆಯ ಬೀಗ ಹಾಕಿ ಎರಡನೆಯದನ್ನು ತೆರೆದಿಟ್ಟರೆ ಏನಾಗುತ್ತದೆ ಎಂಬುದನ್ನು ನಾನು ಸ್ವಂತ ಹೊಲದಲ್ಲಿ ಕಂಡಿದ್ದೇನೆ. ಕೆಲವು ವರ್ಷಗಳ ಹಿಂದೆ ಚಿತ್ರದುರ್ಗದ ಕಡೆಯ ನಮ್ಮ ಎರೆ ಹೊಲದಲ್ಲಿ, ಸುಣ್ಣದ ಹರಳು ಕಾಣುವ ಭೂಮಿ ಅದು, ತಡೆಮದ್ದು ಸವರಿದ ಯೂರಿಯಾವನ್ನು ಮೇಲೆಯೇ ಎರಚಿ, 'ಇನ್ನು ಎಲ್ಲೂ ಹೋಗಲ್ಲ' ಎಂದು ಮನೆಗೆ ಬಂದೆ. ಮೂರನೇ ದಿನ ಸಂಜೆ ಬದುವಿನ ಮೇಲೆ ನಿಂತರೆ ಮೂಗಿಗೆ ಘಾಟು. ಅಮೋನಿಯಾ! ಕ್ಷಾರ ಮಣ್ಣಿನಲ್ಲಿ ಅಮೋನಿಯಂ ಅನಿಲವಾಗಿ ಹಾರುತ್ತದೆ. ಮದ್ದು ಅದನ್ನು ಅಮೋನಿಯಂ ಆಗಿಯೇ ಹೆಚ್ಚು ದಿನ ಹಿಡಿದಿಟ್ಟರೆ ಹಾರುವುದಕ್ಕೂ ಹೆಚ್ಚು ದಿನ ಸಿಗುತ್ತದೆ. ಓದಿದ್ದು ಗೊತ್ತಿತ್ತು, ಆದರೂ ಸೋಮಾರಿತನ. ಹರಿಹರ, ಹಿರಿಯೂರು ಕಡೆಯ ಎರೆ ಮಣ್ಣಿನವರು ಮುಚ್ಚದೆ ಮಾತ್ರ ಹಾಕಬೇಡಿ.

ಈಗ ಮಾವನವರ ಗದ್ದೆ. ಮದ್ದಿಗೆ ಹೆಚ್ಚು ಕೆಲಸ ಸಿಗುವುದು ಅಲ್ಲಿ. ನೀರು ನಿಂತ ಗದ್ದೆಯ ಕೆಸರಿನಲ್ಲಿ ಮೇಲಿನ ಒಂದು ತೆಳು ಪದರಕ್ಕೆ ಮಾತ್ರ ಗಾಳಿ ಸಿಗುತ್ತದೆ, ಅದರ ಕೆಳಗೆ ಇಲ್ಲ. ಮೇಲಿನ ಪದರದಲ್ಲಿ ಅಮೋನಿಯಂ ನೈಟ್ರೇಟ್ ಆಗುತ್ತದೆ, ಕೆಳಗಿಳಿದ ಕೂಡಲೇ ಅನಿಲವಾಗುತ್ತದೆ. ನೀರು ಸದಾ ನಿಂತಿದ್ದರೆ ಇದು ನಿಧಾನ. ನಾಲೆಯ ಕೊನೆಯವರ ಪಾಡು ಹಾಗಲ್ಲ. ಬೇಸಿಗೆ ಬೆಳೆಗೆ ಭದ್ರಾ ನೀರು ಆನ್ ಅಂಡ್ ಆಫ್ ಎಂದು ಬಿಟ್ಟಾಗ ಗದ್ದೆ ಒಮ್ಮೆ ಬಿರುಕು ಬಿಡುತ್ತದೆ, ಒಮ್ಮೆ ತುಂಬುತ್ತದೆ. ಬಿರುಕು ಬಿಟ್ಟ ದಿನಗಳಲ್ಲಿ ಗಾಳಿ ಹೊಕ್ಕು ಅಮೋನಿಯಂ ನೈಟ್ರೇಟ್ ಆಗಿ ಕೂತಿರುತ್ತದೆ, ನೀರು ಬಂದ ದಿನ ಅಷ್ಟೂ ಆಕಾಶಕ್ಕೆ. ಅದರಲ್ಲಿ ಒಂದು ಪಾಲು ನೈಟ್ರಸ್ ಆಕ್ಸೈಡ್. ಭೂಮಿ ಬಿಸಿ ಮಾಡುವುದರಲ್ಲಿ ಅದು ತೂಕಕ್ಕೆ ತೂಕ ಇಂಗಾಲದ ಡೈಆಕ್ಸೈಡಿನ ಸುಮಾರು 270 ಪಟ್ಟು.

ಅಲ್ಲಿ ತಡೆಮದ್ದು ಪ್ರಯತ್ನಿಸಿ ಎಂದು ಧೈರ್ಯವಾಗಿ ಹೇಳುತ್ತೇನೆ. ಆದರೆ ಬಾಟಲಿಗಿಂತ ಮೊದಲು ಬೇವಿನ ಹಿಂಡಿ ಹಾಕಿ ನೋಡಿ. 45 ಕೆಜಿ ಯೂರಿಯಾಕ್ಕೆ 9 ಕೆಜಿ ಪುಡಿ ಮಾಡಿದ ಬೇವಿನ ಹಿಂಡಿ ಬೆರೆಸಿ, ನೆರಳಿನಲ್ಲಿ ಒಂದು ರಾತ್ರಿ ಬಿಟ್ಟು ಮಾರನೇ ದಿನ ಹಾಕಿಬಿಡಿ, ಬಹಳ ದಿನ ಇಟ್ಟರೆ ನೀರಾಡಿ ಗಟ್ಟಿಯಾಗುತ್ತದೆ. ಹಿಂಡಿ ಕೊಳ್ಳುವಾಗ ಚಿಟಿಕೆ ನಾಲಿಗೆಗೆ ಇಟ್ಟು ನೋಡಿ, ಮುಖ ಕಿವುಚದಿದ್ದರೆ ಅದರಲ್ಲಿ ಇನ್ನೇನೋ ಇದೆ. ಮಾವನವರ ಬದುವಿನಲ್ಲಿ ಹೊಂಗೆ ಮರಗಳಿದ್ದರೆ ಹೊಂಗೆ ಹಿಂಡಿಯೂ ಆದೀತು. ಹೊಂಗೆ ಬೀಜದ ಕರಂಜಿನ್ ಎಂಬ ಅಂಶವೂ ನೈಟ್ರೀಕರಣವನ್ನು ಚೆನ್ನಾಗಿ ತಡೆಯುತ್ತದೆ. ಸೊಪ್ಪಿಗೆಂದು ಹೊಂಗೆ ನೆಟ್ಟ ಹಿರಿಯರಿಗೆ ಈ ಹೆಸರು ಗೊತ್ತಿರಲಿಲ್ಲ. ನಮ್ಮ ಬಿಳಿಜೋಳದ ಬೇರು ಕೂಡ ಇದೇ ಕೆಲಸ ಮಾಡುವ ರಸವನ್ನು ಮಣ್ಣಿಗೆ ಬಿಡುತ್ತದೆ ಎಂದು ವಿಜ್ಞಾನಿಗಳು ಕಂಡುಕೊಂಡಿದ್ದಾರೆ. ಆ ಜೋಳ ಬಿಟ್ಟು ಮೆಕ್ಕೆಜೋಳಕ್ಕೆ ಬಂದವರು ನಾವು, ಇರಲಿ.

ಗದ್ದೆಯಲ್ಲಿ ನಿಂತ ನೀರಿಗೆ ಯೂರಿಯಾ ಎರಚಬೇಡಿ. ಬಿಸಿಲಿಗೆ ಪಾಚಿ ಬೆಳೆದ ನೀರು ಮಧ್ಯಾಹ್ನದ ಹೊತ್ತಿಗೆ ಕ್ಷಾರವಾಗುತ್ತದೆ, ಅಮೋನಿಯಾ ಹಾರುತ್ತದೆ. ನೀರು ಬಸಿದು ಕೆಸರಿನ ಮೇಲೆ ಹಾಕಿ, ಒಂದೆರಡು ದಿನ ಬಿಟ್ಟು ನೀರು ಕಟ್ಟಿ. ನಾಲೆಯ ಕೊನೆಯಲ್ಲಿ ಬಸಿದ ನೀರು ಮತ್ತೆ ಬರುತ್ತದೆ ಎಂಬ ಭರವಸೆ ಇಲ್ಲ ಎನ್ನುತ್ತೀರಿ, ನಿಜ. ಹಾಗಿದ್ದರೆ ಸರದಿ ನೀರು ಬರುವ ಹಿಂದಿನ ದಿನ, ಗದ್ದೆ ಹಸಿ ಇರುವಾಗ ಹಾಕಿ. ಭತ್ತಕ್ಕೆ ಎಲೆಬಣ್ಣದ ಪಟ್ಟಿ ಎಂಬುದು ಸಿಗುತ್ತದೆ, ಎಲೆ ಅದರ 4ನೇ ಬಣ್ಣಕ್ಕಿಂತ ತಿಳಿಯಾದಾಗ ಮಾತ್ರ ಯೂರಿಯಾ. ಕಡು ಹಸಿರು ನೋಡಿ ಖುಷಿಪಟ್ಟವರ ಗದ್ದೆಗೆ ಜಿಗಿಹುಳುವೂ ಬೆಂಕಿರೋಗವೂ ಮೊದಲು ಬರುತ್ತವೆ. ಮದ್ದಿನಿಂದ ಸಾರಜನಕ ಉಳಿಯಿತು ಅಂದರೆ ಈ ಅಪಾಯವೂ ಉಳಿಯಿತು ಅಂತ.

ಇಳುವರಿ ಹೊರತಾಗಿಯೂ ನೈಟ್ರೇಟ್ ಬಗ್ಗೆ ಯೋಚಿಸಲು ಒಂದು ಕಾರಣವಿದೆ. ನಿಮ್ಮೂರಿನ ಬೋರ್‌ವೆಲ್ ನೀರಿಗೂ ಅದು ಇಳಿಯಬಹುದು. ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು, ಹಸುಗೂಸುಗಳಿಗೆ ಅಪಾಯ. ಒಮ್ಮೆ ಪರೀಕ್ಷೆ ಮಾಡಿಸಿ.

ಇಷ್ಟಾದ ಮೇಲೂ ಬಾಟಲಿ ನೋಡಬೇಕು ಅನ್ನಿಸಿದರೆ ನಾಲ್ಕೆಕರೆಗೂ ಕೊಳ್ಳಬೇಡಿ, ಒಂದೆಕರೆಗೆ ಸಾಕು. ಎಂಟು ಸಾಲು ಮದ್ದು ಸವರಿದ ಯೂರಿಯಾ, ಪಕ್ಕದ ಎಂಟು ಸಾಲು ಸವರದ್ದು, ಹೀಗೆ ಮೂರು ಸಲ ಬದಲಿಸಿ. ಎರಡಕ್ಕೂ ಯೂರಿಯಾ ಅಳತೆ ಒಂದೇ, ಹಾಕುವ ದಿನ ಒಂದೇ, ಮುಚ್ಚುವುದೂ ಒಂದೇ ರೀತಿ. ಗೂಟ ಹೊಡೆದು ಬಣ್ಣದ ಬಟ್ಟೆ ಕಟ್ಟಿ, ಇಲ್ಲದಿದ್ದರೆ ತೆನೆ ಮುರಿಯುವ ಹೊತ್ತಿಗೆ ಯಾವುದು ಯಾವುದೆಂದು ಮನೆಯಲ್ಲಿ ಜಗಳ. ಕೊಯ್ಲಿನಲ್ಲಿ ಪ್ರತಿ ಪಟ್ಟಿಯ ನಡುವಿನ ನಾಲ್ಕು ಸಾಲು, 10 ಮೀಟರ್ ಉದ್ದ ಅಳೆದು, ತೆನೆ ಮುರಿದು ಒಣಗಿಸಿ, ಕಾಳು ಬಿಡಿಸಿ ತೂಗಿ. ಸಾಲಿನ ಅಂತರ ಎರಡಡಿ ಇದ್ದರೆ ಅಲ್ಲಿ 1 ಕೆಜಿ ವ್ಯತ್ಯಾಸ ಎಕರೆಗೆ ಸುಮಾರು 170 ಕೆಜಿಗೆ ಸಮ. ಅಸಲು ಬರಲು ಬೇಕಾದ 30 ಕೆಜಿ ಇಲ್ಲಿ 200 ಗ್ರಾಮಿಗಿಂತ ಕಡಿಮೆ, ಅದು ತಕ್ಕಡಿಯಲ್ಲಿ ಕಂಡರೂ ನಂಬುವಂಥದ್ದಲ್ಲ. ಮೂರೂ ಜೋಡಿಗಳಲ್ಲಿ ಮುಕ್ಕಾಲು ಕೆಜಿ ಆಚೀಚೆ ಹೆಚ್ಚು ಬಂದರೆ ಆ ತೂಕಗಳನ್ನು, ಆ ವರ್ಷ ಯಾವ ಮಳೆ ಎಷ್ಟು ಬಂತು ಎಂಬುದನ್ನೂ ಸೇರಿಸಿ ನನಗೆ ಬರೆದು ಕಳುಹಿಸಿ.